ಬೆಕ್ಕಿನ ಸಂಜೆ

ಬಲಗಣ್ಣಿನ ಪಟ್ಟಿ ಬಿಚ್ಚಿದಾಗ ಫೋಟೋಗ್ರಾಫರನಿಗೆ ಮೊದಲು ಕಂಡದ್ದು ಹೆಂಡತಿಯ ತಲೆಗೂದಲು. ಅದು ಅಚ್ಚ ಬಿಳಿಯಾಗಿತ್ತು. ಇಷ್ಟು ವರ್ಷ ಅದು ಒಣಹುಲ್ಲಿನ ಬಣ್ಣದ್ದು ಎಂದೇ ಅವನು ನಂಬಿಕೊಂಡಿದ್ದ.

“ನಿನ್ನ ತಲೆ ಯಾವಾಗ ಇಷ್ಟು ಬೆಳ್ಳಗಾಯ್ತು?”

“ನಿಮ್ಮನ್ನ ಕಟ್ಟಿಕೊಂಡ ಮಾರನೇ ದಿನದಿಂದಲೇ ಶುರುವಾಯ್ತು,” ಎಂದಳು ಅವಳು. ಪಟ್ಟಿ ಸುತ್ತಿಡುತ್ತಿದ್ದ ನರ್ಸು ಮುಸಿಮುಸಿ ನಕ್ಕಳು.

ಪೊರೆ ತೆಗೆದದ್ದು ಒಂದೇ ಕಣ್ಣಿನದು. ಎಡಗಣ್ಣಿನ ಸರದಿ ಮುಂದಿನ ತಿಂಗಳು. ಔಷಧಿಗೆಂದು ಹೆಂಡತಿ ಸಾಲಿನಲ್ಲಿ ನಿಂತಿದ್ದಾಗ ಅವನು ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಮಕ್ಕಳಾಟ ಶುರು ಮಾಡಿದ. ಎಡಗಣ್ಣು ಮುಚ್ಚಿದರೆ ಎದುರಿನ ಗೋಡೆ ಬಿಳಿ. ಬಲಗಣ್ಣು ಮುಚ್ಚಿದರೆ ಅದೇ ಗೋಡೆ ಚಹಾ ಚೆಲ್ಲಿದ ಹಾಗೆ ಕಂದು. ಹೆಂಡತಿಯ ಸ್ವೆಟರು ಹೊಸ ಕಣ್ಣಿನಲ್ಲಿ ತಿಳಿನೀಲಿ, ಹಳೆ ಕಣ್ಣಿನಲ್ಲಿ ಬೂದಿ. ಅರವತ್ತು ದಾಟಿದ ಮನುಷ್ಯ ಒಂದೊಂದೇ ಕಣ್ಣು ಮುಚ್ಚಿ ತೆಗೆದು ಹಲ್ಲು ಕಿಸಿಯುತ್ತಿದ್ದುದನ್ನು ಕಂಡು ಪಕ್ಕದಲ್ಲಿದ್ದ ಹೆಂಗಸು ಸ್ವಲ್ಪ ದೂರ ಸರಿದು ಕೂತಳು.

ಆಮೇಲೆ ಅವನ ನಗು ನಿಂತಿತು. ಹಾಗಾದರೆ ಇಷ್ಟು ದಿನ ತಾನು ಕಂಪ್ಯೂಟರ್ ಮುಂದೆ ಕೂತು ಬಣ್ಣ ಸರಿ ಮಾಡಿದ್ದು ಯಾವ ಕಣ್ಣಿನಲ್ಲಿ? ಹೆಂಡತಿ ಔಷಧಿಯ ಚೀಲ ಹಿಡಿದು ಬರುವಷ್ಟರಲ್ಲಿ ಅವನು ಬಾಗಿಲ ಬಳಿ ನಿಂತಿದ್ದ.

“ಟ್ಯಾಕ್ಸಿ ಕರಿ. ಮನೆಗೆ ಹೋಗ್ಬೇಕು, ಈಗಲೇ.”

ಈ ಗಾಬರಿ ಅರ್ಥವಾಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು. ಹರೆಯದಲ್ಲಿ ಅವನು ರೈಲ್ವೆ ಸ್ಟೇಷನ್ನಿನ ಎದುರಿನ ಸ್ಟುಡಿಯೋದಲ್ಲಿ ಪಾಸ್‌ಪೋರ್ಟ್ ಫೋಟೋ ತೆಗೆಯುತ್ತಿದ್ದ. ಗದ್ದ ಮೇಲೆತ್ತಿ, ಕಣ್ಣು ಬಿಡಿ, ಉಸಿರು ಹಿಡೀರಿ, ಮುಗೀತು, ಮುಂದಿನವರು ಬನ್ನಿ. ಬೆಳಗಿನಿಂದ ಸಂಜೆಯವರೆಗೆ ಇದೇ ಪಾಠ. ಸ್ಟುಡಿಯೋದ ಹಿಂದಿನ ಕೋಣೆಯಲ್ಲಿ ಕಪ್ಪುಬಿಳುಪು ಫೋಟೋಗಳಿಗೆ ಬಣ್ಣ ಹಚ್ಚುವ ಹುಡುಗಿಯೊಬ್ಬಳಿದ್ದಳು. ಹತ್ತಿ ಸುತ್ತಿದ ಕಡ್ಡಿಯಿಂದ ಕೆನ್ನೆಗೆ ಗುಲಾಬಿ, ಸಣ್ಣ ಕುಂಚದಿಂದ ತುಟಿಗೆ ಕೆಂಪು, ಹಿಂದಿನ ಪರದೆಗೆ ತೆಳು ಹಸಿರು. ಅವಳ ಕೈಗೆ ಸಿಕ್ಕರೆ ಕಾಯಿಲೆಯವನ ಮುಖದಲ್ಲೂ ಕಳೆ ಬರುತ್ತಿತ್ತು. ಅವನು ಅವಳನ್ನೇ ಮದುವೆಯಾದ. ಆಮೇಲೆ ಕಲರ್ ಫಿಲ್ಮು ಅಗ್ಗವಾಯಿತು, ಅವಳ ಕೆಲಸಕ್ಕೆ ಕಲ್ಲು ಬಿತ್ತು. ಮನೆಯಲ್ಲಿ ಕೂತು ಅಳುತ್ತಿದ್ದವಳನ್ನು ನಗಿಸಲು ಅವನೊಂದು ಮಾತು ಹೇಳಿದ: “ಹೋಗಲಿ ಬಿಡೇ. ನೀನು ಹಚ್ತಾ ಇದ್ದದ್ದು ಇಲ್ಲದ ಬಣ್ಣ. ನಾನು ಹಿಡಿಯೋದು ಇರೋ ಬಣ್ಣ.” ಅವಳು ನಕ್ಕಳೇನೋ ನಿಜ. ಆದರೆ ಬಣ್ಣದ ಮಾತು ಬಂದಾಗಲೆಲ್ಲ ಅವನು ಇದನ್ನೇ ಒಗೆಯತೊಡಗಿದ. ಎರಡನೇ ಸಲಕ್ಕೇ ಅವಳ ನಗು ಮುಗಿದಿತ್ತು.

ಗೋಡೆಗಳ ಹುಚ್ಚು ಹತ್ತಿಸಿದ್ದು ಒಂದು ಕೋಳಿ. ಸ್ಟುಡಿಯೋದ ಎದುರಿನ ಗೋದಾಮಿನ ಗೋಡೆಯ ಮೇಲೆ ಒಂದು ಮಧ್ಯಾಹ್ನ ಪೊಲೀಸ್ ಟೋಪಿ ಹಾಕಿದ ದೊಡ್ಡ ಕೋಳಿಯೊಂದು ಮೊಟ್ಟೆಗೆ ಕಾವು ಕೊಡುತ್ತ ಕೂತಿತ್ತು. ಕ್ಯಾಮೆರಾದಲ್ಲಿ ಒಂದೇ ಫ್ರೇಮ್ ಉಳಿದಿತ್ತು, ರೋಲು ಮುಗಿದರೆ ತೊಳೆಯಲು ಹಾಕಬಹುದೆಂದು ಅವನು ಬೀದಿ ದಾಟಿ ಹೋಗಿ ಕ್ಲಿಕ್ಕಿಸಿದ. ಮಾರನೇ ದಿನ ಗೋಡೆಗೆ ಸುಣ್ಣ ಬಳಿದಿದ್ದರು. ಸ್ವಲ್ಪ ದಿನ ಕಳೆದು ಒಬ್ಬ ನರಪೇತಲ ಮನುಷ್ಯ ಸ್ಟುಡಿಯೋಗೆ ಬಂದು, “ಕೋಳಿ ಫೋಟೋ ನಿಮ್ಮ ಹತ್ರ ಇದೆಯಂತೆ?” ಎಂದ. ಕೊಟ್ಟರೆ ಬಲ್ಬಿನ ಕೆಳಗೆ ಹಿಡಿದು ನೋಡಿದ, ತಿರುಗಿಸಿ ನೋಡಿದ, ಮತ್ತೆ ನೋಡಿದ.

“ನನ್ನದೇ ಇದು. ಒಂದ್ಸಲವೂ ಸರಿಯಾಗಿ ನೋಡಿರಲಿಲ್ಲ. ಬರೆಯೋದು, ಓಡೋದು. ನೋಡೋಕೆ ಪುರುಸೊತ್ತು ಎಲ್ಲಿ?”

ಅವನೇ ಬೆಕ್ಕು. ಕಾಂಪೌಂಡ್ ಗೋಡೆಗಳ ನೆತ್ತಿಯ ಮೇಲೆ ಸಲೀಸಾಗಿ ನಡೆಯುತ್ತಿದ್ದನೆಂದು ಬಂದ ಹೆಸರು. ಹೊಟ್ಟೆಪಾಡಿಗೆ ಅಂಗಡಿಗಳ ಬೋರ್ಡು ಬರೆಯುತ್ತಿದ್ದ. ಅವನು ಗೋಡೆ ಬರೆಯುತ್ತಿದ್ದದ್ದು ಹಾಡಹಗಲಿನಲ್ಲಿ. ಏಣಿ, ಎರಡು ಡಬ್ಬಿ, ಬಣ್ಣ ಮೆತ್ತಿದ ಪ್ಯಾಂಟು. “ಏಣಿ ಹೊತ್ತವನನ್ನ ಯಾರೂ ಏನೂ ಕೇಳಲ್ಲ. ಸರ್ಕಾರದವನು ಅಂದ್ಕೋತಾರೆ,” ಎಂದು ನಗುತ್ತಿದ್ದ. ಜಾಗದ ಯಜಮಾನನೇ ಒಮ್ಮೆ ಏಣಿ ಹಿಡಿದು ನಿಂತಿದ್ದನಂತೆ.

ಅಲ್ಲಿಂದ ಫೋಟೋಗ್ರಾಫರನ ಬದುಕು ಎರಡು ಪಾಲಾಯಿತು. ಮದುವೆ, ಗುಂಪು ಫೋಟೋ, ಶಾಲೆಯ ಗುರುತಿನ ಚೀಟಿ ಇವೆಲ್ಲ ಅಕ್ಕಿಬೇಳೆಗೆ. ಗೋಡೆಗಳು ಜೀವಕ್ಕೆ. ಸೇತುವೆಯ ಕಂಬಗಳ ಮೇಲೆ ಹುಡುಗರು ಸ್ಪ್ರೇಯಿಂದ ಬರೆದ ಉಬ್ಬು ಅಕ್ಷರಗಳು, ಮುಚ್ಚಿದ ಕಾರ್ಖಾನೆಯ ಷಟರಿನ ಮೇಲಿನ ಬೈಗುಳ, ಪಾಳುಬಿದ್ದ ಸಿನಿಮಾ ಮಂದಿರದ ಹಿಂದೆ ಯಾರೋ ಬಿಡಿಸಿಟ್ಟ ನೂರಾರು ಕಿಟಕಿಗಳು. ಅಳಿಸುವ ಮೊದಲು ಹೋಗಿ ಮುಟ್ಟಬೇಕು. ಎರಡು ಸಲ ಪೊಲೀಸರು ಇವನೇ ಬರೆದವನೆಂದು ಠಾಣೆಗೆ ಎಳೆದೊಯ್ದರು. ಬೀದಿಯವರು ಗೋಡೆಹುಚ್ಚ ಎಂದು ಕರೆದರು. ಆದರೆ ಗೋಡೆ ಬರೆಯುವವರು ಮಾತ್ರ ಚಿತ್ರ ಅಳಿಸಿಹೋದ ಮೇಲೆ ಇವನ ಮನೆ ಹುಡುಕಿಕೊಂಡು ಬರುತ್ತಿದ್ದರು. ಹೆಂಡತಿ ಚಹಾ ಕೊಡುತ್ತಿದ್ದಳು, ಇವನು ಫೋಟೋ ಹರಡುತ್ತಿದ್ದ. ಕೆಲವರು ನೋಡಿ ಸುಮ್ಮನೆ ಕೂರುತ್ತಿದ್ದರು, ಕೆಲವರು ಕಣ್ಣೊರೆಸಿಕೊಳ್ಳುತ್ತಿದ್ದರು. ಆಕಾರ ಯಾರು ಬೇಕಾದರೂ ಹಿಡಿದಾರು, ಬಣ್ಣ ಹಿಡಿಯುವವನು ಇವನೊಬ್ಬನೇ ಎಂಬ ಮಾತು ಅವರ ನಡುವೆ ನಿಂತುಹೋಗಿತ್ತು. ಆ ಮಾತು ಇವನ ತಲೆಗೇರಿತ್ತೂ ಕೂಡ.

ಬೆಕ್ಕಿನ ಗೋಡೆಗಳಲ್ಲೆಲ್ಲ ದೊಡ್ಡದು ಬಸ್ ಡಿಪೋದ್ದು. ಉದ್ದಕ್ಕೂ ಜನ ಬಸ್ಸಿಗೆ ಕಾಯುತ್ತಿರುವ ಚಿತ್ರ. ಬ್ಯಾಗು ತಬ್ಬಿಕೊಂಡವರು, ಕಾಲು ಬದಲಿಸಿ ನಿಂತವರು, ಗೋಡೆಗೊರಗಿ ತೂಕಡಿಸುವವರು. ಅವರ ನಡುವೆ ಕೈಯಲ್ಲಿ ಪೊರಕೆ ಹಿಡಿದ ಒಬ್ಬ ಹೆಂಗಸು. ಎಲ್ಲರ ಮುಖದ ಮೇಲೂ ಸಂಜೆಯ ಬೆಳಕು. ಆ ಬೆಳಕಿನ ಬಣ್ಣವನ್ನು ಬೆಕ್ಕು ಅಂಗಡಿಯಲ್ಲಿ ಕೊಂಡಿರಲಿಲ್ಲ, ತಾನೇ ಕಲಸಿಕೊಂಡಿದ್ದ. ಬರೆದು ಮುಗಿಸಿದ ಮಧ್ಯಾಹ್ನ ಫೋಟೋಗ್ರಾಫರನ ಜೊತೆ ಅವನ ಹೆಂಡತಿಯನ್ನೂ ಕರೆಸಿ ನಿಲ್ಲಿಸಿಕೊಂಡು ಬೆಕ್ಕು ಎಂದೂ ಆಡದ ಮಾತು ಆಡಿದ:

“ಪೊರಕೆ ಹಿಡಿದವಳು ನಮ್ಮಮ್ಮ. ಆಫೀಸು ಗುಡಿಸೋ ಕೆಲಸ. ಬೆಳಿಗ್ಗೆ ನಾನು ಏಳೋ ಮೊದಲೇ ಹೋಗಿಬಿಡೋಳು. ಸಂಜೆ ಈ ಡಿಪೋದಲ್ಲಿ ಬಂದು ಕೂತಿರ್ತಿದ್ದೆ. ಗೋಡೆ ಮೇಲೆ ಈ ಬಣ್ಣ ಬಿತ್ತು ಅಂದ್ರೆ ಅಮ್ಮನ ಬಸ್ಸು ಬಂತು ಅಂತ ಲೆಕ್ಕ.” ಕುಂಚ ಒರೆಸುತ್ತ, “ಎಲ್ಲಾರೂ ಬೆಳಗನ್ನೇ ಬರೀತಾರೆ ಕಣಯ್ಯಾ. ಬೆಳಗು ಅಂದ್ರೆ ನನಗೆ ಆಗಲ್ಲ,” ಎಂದ.

ವಾರ ಕಳೆಯುವ ಮೊದಲೇ ಡಿಪೋದವರು ಆ ಗೋಡೆಗೂ ಸುಣ್ಣ ಹೊಡೆದರು. ಬಣ್ಣದ ಹೊಗೆ ಕುಡಿದು ಕುಡಿದು ಬೆಕ್ಕಿನ ಶ್ವಾಸಕೋಶ ಕೈಕೊಟ್ಟಿತು. ಕೊನೆಯ ದಿನಗಳಲ್ಲಿ ಮಾತಾಡಲೂ ಆಗುತ್ತಿರಲಿಲ್ಲ. ಫೋಟೋಗ್ರಾಫರ ಹೋಗಿ ಮಂಚದ ಪಕ್ಕ ಕೂತು ಡಿಪೋ ಗೋಡೆಯ ಫೋಟೋ ತೋರಿಸಿದರೆ, ಪೊರಕೆಯವಳ ಮೇಲೆ ಬೆರಳಿಟ್ಟು ಹಾಗೇ ಇರುತ್ತಿದ್ದ. ಅವನು ಹೋದ ಮೇಲೆ ಆ ಗೋಡೆಯದೆಂದು ಇದ್ದ ಒಂದೇ ಪ್ರಿಂಟನ್ನು ಅವನ ಜೊತೆಗೇ ಮಣ್ಣು ಮಾಡಿದರು.

ಬೆಕ್ಕು ಸತ್ತ ವರ್ಷವೇ ಗಂಡಹೆಂಡಿರು ದೊಡ್ಡ ಮನೆ ಬಿಟ್ಟು ಎರಡು ಕೋಣೆಯ ಮನೆಗೆ ಬಂದರು. ಮಕ್ಕಳಿಲ್ಲ, ಮರಿಯಿಲ್ಲ, ಇಬ್ಬರಿಗೆ ಎಷ್ಟು ಜಾಗ ಬೇಕು? ನೆಗೆಟಿವ್ ತುಂಬಿದ ಪೆಟ್ಟಿಗೆಗಳಿಗೆ ಮಾತ್ರ ಜಾಗ ಸಾಲಲಿಲ್ಲ. ಹಳೆ ಮನೆಯ ತೇವಕ್ಕೆ ಅವು ಬೂಷ್ಟು ಹಿಡಿದಿದ್ದವು, ಹುಳಿ ವಾಸನೆಗೆ ಹೆಂಡತಿ ಸೀನಿ ಸೀನಿ ಸಾಕಾಗಿದ್ದಳು. ಅವನು ಸ್ಕ್ಯಾನರ್ ತಂದು ಒಂದೊಂದೇ ನೆಗೆಟಿವನ್ನು ಕಂಪ್ಯೂಟರಿಗೆ ಇಳಿಸಿದ. ಬೂಷ್ಟಿಗೆ ಬಣ್ಣ ಕೆಟ್ಟಿರುತ್ತಿತ್ತು, ಅದನ್ನು ಕಣ್ಣಳತೆಯಲ್ಲೇ ಸರಿ ಮಾಡುತ್ತಿದ್ದ. ಸರಿ ಮಾಡಿದ್ದನ್ನು ಹಳೆಯದರ ಮೇಲೆಯೇ ಉಳಿಸುತ್ತಿದ್ದ. ಕಂಪ್ಯೂಟರ್ ಅಂಗಡಿಯವನು, “ಒರಿಜಿನಲ್ ಒಂದು ಕಾಪಿ ಬೇರೆ ಇಟ್ಕೊಳ್ಳಿ ಸರ್,” ಎಂದರೆ, “ಒಂದು ಮನೇಲಿ ಎರಡು ಸತ್ಯ ಯಾಕಪ್ಪಾ?” ಎಂದು ಅವನ ಬಾಯಿ ಮುಚ್ಚಿಸಿದ್ದ. ಇಳಿಸಿ ಮುಗಿದ ನೆಗೆಟಿವ್‌ಗಳು, ಬೂಷ್ಟು ಹಿಡಿದ ಹಳೆ ಪ್ರಿಂಟುಗಳು ಎಲ್ಲ ಕಸದ ಗಾಡಿ ಹತ್ತಿದವು.

ಕಣ್ಣಿಗೆ ಪೊರೆ ಬರುತ್ತಿದ್ದುದು ಅದೇ ವರ್ಷಗಳಲ್ಲಿ. ಡಾಕ್ಟರು ಹೇಳಿದ್ದರು, ಹೆಂಡತಿ ಹೇಳಿದ್ದಳು. ಆಪರೇಷನ್ ಎಡವಟ್ಟಾದರೆ ತನ್ನ ಕತೆ ಮುಗಿದಂತೆ ಎಂದು ಅವನು ಮುಂದೂಡುತ್ತಲೇ ಬಂದ. ಪೊರೆ ಅನ್ನುವುದು ಕತ್ತಲೆಯಾಗಿ ಬರುತ್ತದೆಂದು ಅವನು ತಿಳಿದಿದ್ದ. ಅದು ಕಣ್ಣೊಳಗೆ ದಿನದಿನಕ್ಕೂ ಒಂದಿಷ್ಟು ಹಳದಿ ಬಳಿದು ಹೋಗುತ್ತದೆಂದು, ಬಳಿದದ್ದು ಗೊತ್ತೇ ಆಗುವುದಿಲ್ಲವೆಂದು ಯಾರೂ ಹೇಳಿರಲಿಲ್ಲ. ಹಳದಿ ಕಣ್ಣಿಗೆ ಫೋಟೋ ಹಳದಿಯಾಗಿ ಕಂಡರೆ ಏನು ಮಾಡುತ್ತಾರೆ? ಹಳದಿ ತೆಗೆದು ನೀಲಿ ಸುರಿಯುತ್ತಾರೆ. ಅವನೂ ಸುರಿದಿದ್ದ.

ಮನೆಗೆ ಬಂದವನು ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರ್ ಹಚ್ಚಿದ. ಡಿಪೋ ಗೋಡೆಯ ಚಿತ್ರ ತೆರೆದ. ಹೊಸ ಕಣ್ಣು ಮುಚ್ಚಿ ಹಳೆ ಕಣ್ಣಿನಲ್ಲಿ ನೋಡಿದರೆ ಅಲ್ಲಿ ಬೆಕ್ಕಿನ ಸಂಜೆ ಹಾಗೇ ಇತ್ತು. ಹಳೆಯದನ್ನು ಮುಚ್ಚಿ ಹೊಸದನ್ನು ತೆರೆದ. ಕಾಯುತ್ತ ನಿಂತವರ ಮುಖಗಳೆಲ್ಲ ತಣ್ಣಗಿನ ನೀಲಿ. ನಸುಕು ಹರಿಯುವ ಹೊತ್ತಿನ ನೀಲಿ. ಪೊರಕೆ ಹಿಡಿದವಳು ಈಗಷ್ಟೇ ಎದ್ದು ಕೆಲಸಕ್ಕೆ ಹೊರಟಂತೆ ನಿಂತಿದ್ದಳು.

ಬೇರೆ ಚಿತ್ರ ತೆರೆದ, ಮತ್ತೊಂದು ತೆರೆದ. ಕೋಳಿಯ ಟೋಪಿ, ಕಿಟಕಿಗಳು, ಉಬ್ಬು ಅಕ್ಷರಗಳು. ಎಲ್ಲಕ್ಕೂ ನೀಲಿ ಬಡಿದಿತ್ತು, ಒಂದಕ್ಕೆ ಕಡಿಮೆ, ಒಂದಕ್ಕೆ ಹೆಚ್ಚು. ಬೂಷ್ಟು ಎಷ್ಟು, ತನ್ನ ಕೈ ಎಷ್ಟು ಎಂದು ಬಿಡಿಸುವ ದಾರಿಯೇ ಇರಲಿಲ್ಲ.

ಮೇಜಿನ ಮೇಲೆ ದಪ್ಪನೆಯ ಪುಸ್ತಕವೊಂದು ಬಿದ್ದಿತ್ತು. ನಗರದ ವಸ್ತುಸಂಗ್ರಹಾಲಯದವರು ಅವನ ಗೋಡೆಗಳನ್ನೆಲ್ಲ ಸೇರಿಸಿ ಅಚ್ಚು ಹಾಕಿಸಿದ್ದು, ಬಂದು ತಿಂಗಳಾಗಿತ್ತು. ಅಲ್ಲಿನ ಮೇಡಮ್ಮು ಮುನ್ನುಡಿ ಬರೆದಿದ್ದಳು. ಸಣ್ಣ ಅಕ್ಷರ ಕಾಣುವುದಿಲ್ಲವೆಂದು ಹೆಂಡತಿಯಿಂದ ಓದಿಸಿಕೊಂಡಿದ್ದ. ಡಿಪೋ ಗೋಡೆಯ ಬಗ್ಗೆ “ಕೆಲಸ ಮುಗಿಸಿದವರ ಮುಖದ ಮೇಲೆ ಕೊನೆಯ ಬೆಳಕು ಬಿದ್ದಿದೆ. ನಗರ ಇನ್ನೂ ಮಲಗಿಲ್ಲ, ಇವರಿಗಾಗಲೇ ನಿದ್ದೆ ಬಂದಿದೆ” ಎಂಬ ಸಾಲು ಕೇಳಿ, ಆ ಹುಡುಗಿಗೆ ಬೆಕ್ಕು ಅರ್ಥವಾಗಿದ್ದಾನೆ ಎಂದು ಹಿರಿಹಿರಿ ಹಿಗ್ಗಿದ್ದ. ಈಗ ಹೊಸ ಕಣ್ಣಿನಲ್ಲಿ ಪುಟ ತಿರುವಿ ತಾನೇ ಓದಿದ.

“ಕೆಲಸಕ್ಕೆ ಹೊರಟವರ ಮುಖದ ಮೇಲೆ ಮೊದಲ ಬೆಳಕು ಬಿದ್ದಿದೆ. ನಗರ ಇನ್ನೂ ಎದ್ದಿಲ್ಲ, ಇವರಾಗಲೇ ಎಚ್ಚರವಾಗಿದ್ದಾರೆ. ಈ ಕಲಾವಿದ ಬೆಳಗನ್ನು ನಂಬಿದವನು.”

ಎರಡು ಸಲ ಓದಿದ. ಅಡುಗೆಮನೆಯಲ್ಲಿ ಪಾತ್ರೆಯ ಸದ್ದು ನಿಂತಿತ್ತು. ಹೆಂಡತಿ ಬಾಗಿಲಲ್ಲಿ ಬಂದು ನಿಂತಿದ್ದಳು.

“ಇಲ್ಲಿ ಬೆಳಗು ಅಂತಿದೆ,” ಎಂದ ಅವನು.

“ಹೂಂ.”

“ನೀನು ಸಂಜೆ ಅಂತ ಓದಿದೆ.”

“ಹೂಂ. ಓದ್ತಾ ಓದ್ತಾನೇ ತಿರುಗಿಸಿದೆ. ಬೆವರು ಕಿತ್ತುಕೊಂಡು ಬಂತು.”

“ಅಂದ್ರೆ ನಿನಗೆ ಗೊತ್ತಿತ್ತು! ಎಲ್ಲಾ ನೀಲಿಯಾಗಿದೆ ಅಂತ ಗೊತ್ತಿತ್ತು! ಬಾಯಿಗೆ ಏನು ಬೀಗ ಹಾಕ್ಕೊಂಡಿದ್ಯಾ?” ಅವನು ಕೆಂಡಾಮಂಡಲವಾಗಿ ಎದ್ದು ನಿಂತ. ಸ್ಕ್ಯಾನ್ ಶುರುವಾದ ದಿನದಿಂದ ಅವಳು ಅವನ ಹಿಂದೆ ಓಡಾಡಿಕೊಂಡೇ ಇದ್ದಳು, ತಿಂಡಿ ತಂದಿಟ್ಟಳು, ತಟ್ಟೆ ತೆಗೆದಳು, ಎಲ್ಲವನ್ನೂ ನೋಡಿದ್ದಳು.

“ಹೇಳಿದ್ದೆ,” ಎಂದಳು. ಅವಳ ದನಿ ಏರಲಿಲ್ಲ. “ಮೊದಲನೇ ವಾರವೇ ಹೇಳಿದ್ದೆ. ಸ್ವಲ್ಪ ನೀಲಿ ಜಾಸ್ತಿ ಆಯ್ತೇನೋ ಅಂದೆ. ನೀವು ತಿರುಗಿಯೂ ನೋಡ್ದೆ ಅಂದ್ರಿ, ನೀನು ಇಲ್ಲದ ಬಣ್ಣ ಹಚ್ಚೋಳು, ಇದಕ್ಕೆ ತಲೆ ಹಾಕ್ಬೇಡ ಅಂತ. ನನ್ನ ಕೆಲಸ ಹೋದಾಗ ಅಂದ ಮಾತು. ಮುದುಕಿಯಾದ್ರೂ ಅದೇ ಮಾತು. ಸಾಕಾಯ್ತು ನನಗೆ. ಹಾಳಾಗಿ ಹೋಗ್ಲಿ ಅಂತ ಸುಮ್ನಾದೆ. ಆಮೇಲೆ ನಿಜವಾಗಿಯೂ ಹಾಳಾಗ್ತಾ ಇದೆ ಅಂತ ಗೊತ್ತಾದಾಗ ನೆಗೆಟಿವ್‌ಗಳೆಲ್ಲ ಹೋಗಿಬಿಟ್ಟಿದ್ವು. ಆಗ ಹೇಳಿದ್ರೆ ನೀವು ಉಳೀತಿದ್ರಾ?”

ಕೋಪ ಬಂದಷ್ಟೇ ಬೇಗ ಇಳಿಯಿತು, ಇಳಿದ ಜಾಗದಲ್ಲಿ ನಾಚಿಕೆ ತುಂಬಿಕೊಂಡಿತು. ಕುರ್ಚಿಯಲ್ಲಿ ಕುಸಿದು ಕೂತವನಿಗೆ ಅದಕ್ಕಿಂತ ಕೆಟ್ಟ ಸಂಗತಿಯೊಂದು ನೆನಪಾಯಿತು. ಡಿಪೋ ಮುಚ್ಚಿ ಉದ್ಯಾನ ಮಾಡುತ್ತಿದ್ದಾರೆ, ಬೆಕ್ಕು ಬರೆದ ಗೋಡೆ ಕೆಡವಿ ಬೇರೊಂದು ಹಳೆ ಗೋಡೆಯನ್ನಷ್ಟೇ ಉಳಿಸಿಕೊಂಡಿದ್ದಾರೆ. ಅದರ ಮೇಲೆ ಬೆಕ್ಕಿನ ಚಿತ್ರವನ್ನು ಮತ್ತೆ ಬರೆಸುವುದೆಂದು ವಸ್ತುಸಂಗ್ರಹಾಲಯ ಗೊತ್ತು ಮಾಡಿದೆ. ಈ ಫೋಟೋ ಇಟ್ಟುಕೊಂಡು ಈ ವಾರವೇ ಬರೆಯುತ್ತಿದ್ದಾರೆ.

ಅವನು ಕಪ್ಪು ಕನ್ನಡಕ ಹಾಕಿಕೊಂಡು ಡಿಪೋಗೆ ಹೋದ. ಗೋಡೆಯ ಮೇಲೆ ರೇಖೆಗಳೆಲ್ಲ ಬಂದಿದ್ದವು. ಮೊದಲ ಇಬ್ಬರ ಮುಖಕ್ಕೆ ನೀಲಿ ಬಿದ್ದಿತ್ತು. ಬಣ್ಣದ ಮೇಸ್ತ್ರಿ, ನಡುವಯಸ್ಸಿನ ದಡೂತಿ ಮನುಷ್ಯ, ಫೋಟೋ ಪ್ರಿಂಟನ್ನು ಕ್ಲಿಪ್ಪಿನಲ್ಲಿ ಸಿಕ್ಕಿಸಿಕೊಂಡು ಡಬ್ಬಿ ಕಲಸುತ್ತಿದ್ದ. ಮೇಡಮ್ಮು ಓಡಿಬಂದು ಕುರ್ಚಿ ಹಾಕಿಸಿದಳು.

“ನಿಲ್ಲಿಸಿ,” ಎಂದ ಅವನು ಕೂರದೆ. “ಬಣ್ಣ ತಪ್ಪಾಗಿದೆ. ಇದು ಸಂಜೆ. ಬೆಳಗಲ್ಲ.”

ಮೇಡಮ್ಮು ಫೋಟೋ ನೋಡಿದಳು, ಗೋಡೆ ನೋಡಿದಳು. “ಒಂದು ಕೂದಲೆಳೆ ವ್ಯತ್ಯಾಸ ಇಲ್ಲ ಸರ್. ನಿಮ್ಮ ಫೋಟೋನೇ.”

“ಫೋಟೋನೇ ತಪ್ಪು.”

ಅವಳು ಮೆಲ್ಲಗೆ ನಕ್ಕಳು, ದೊಡ್ಡವರನ್ನು ಸಮಾಧಾನ ಮಾಡುವ ನಗು. “ನಿಮಗೆ ಈಗಷ್ಟೇ ಆಪರೇಷನ್ ಆಗಿದೆ. ನಮ್ಮ ಸೋದರತ್ತೆಗೂ ಆಗಿತ್ತು. ಮೊದಮೊದಲು ಎಲ್ಲಾ ನೀಲಿಯಾಗೇ ಕಾಣುತ್ತಂತೆ ಸರ್.”

ಅವನು ಬೂಷ್ಟಿನ ಕತೆ, ಪೊರೆಯ ಕತೆ, ಹಳದಿಯ ಕತೆ ಎಲ್ಲ ಹೇಳಿದ. ಬೆಕ್ಕಿನ ತಾಯಿಯ ಕತೆಯನ್ನೂ ಹೇಳಿದ. ಕೇಳುತ್ತ ಕೇಳುತ್ತ ಅವಳ ಮುಖ ಬಾಡಿತು. ಕೆಟ್ಟವಳಲ್ಲ ಅವಳು. ಆ ಗೋಡೆ ನೆನಪಿದ್ದವರಿಗಾಗಿ ಹಿಂದೆಯೇ ಹುಡುಕಾಡಿದ್ದಳು. ಒಬ್ಬ ಹಳೆ ಡ್ರೈವರು ಅದು ಹಸಿರಾಗಿತ್ತು ಎಂದಿದ್ದ, ಇನ್ನೊಬ್ಬ ಅದರಲ್ಲೊಂದು ಆನೆ ಇತ್ತೆಂದು ಆಣೆ ಮಾಡಿದ್ದ.

“ನೀವು ಹೇಳಿದ್ರೆ ಬದಲಾಯಿಸ್ತೀನಿ ಸರ್. ಆದ್ರೆ ಯಾವ ಬಣ್ಣಕ್ಕೆ ಅಂತ ಹೇಳಿ. ಮೇಸ್ತ್ರಿಗೆ ಸಂಜೆ ಅಂದ್ರೆ ಸಾಲದು, ಡಬ್ಬಿಲಿ ಕಲಸೋಕೆ ಬರ್ಬೇಕು. ಆ ಗೋಡೆ ಕಂಡವರು ಇನ್ಯಾರಾದ್ರೂ ಇದ್ದಾರಾ?”

ಇದ್ದಳು. ಊರಿನಲ್ಲಿ ಒಬ್ಬಳೇ ಇದ್ದಳು.

ಮಾರನೇ ದಿನ ಅವನು ಹೆಂಡತಿಯನ್ನು ಕರೆದುಕೊಂಡು ಬಂದ. ಬರುವಾಗ ಬಸ್ಸಿನಲ್ಲಿ ಅವಳ ಕೈಚೀಲವನ್ನು ತಾನೇ ಹಿಡಿದುಕೊಂಡ. ಅವಳು ಏನೋ ವಿಚಿತ್ರ ಕಂಡವಳಂತೆ ಅವನನ್ನು ನೋಡಿದಳು. ಕ್ಷಮಿಸು ಎನ್ನಬೇಕೆಂದು ದಾರಿಯುದ್ದಕ್ಕೂ ನಾಲಿಗೆಯ ತುದಿಯವರೆಗೆ ಬಂತು, ಆಚೆ ಬರಲಿಲ್ಲ. “ನಿನ್ನ ಕಣ್ಣೇ ಗತಿ ಇವತ್ತು,” ಎಂದಷ್ಟೇ ಅಂದ. ಅಷ್ಟು ಹೇಳುವುದಕ್ಕೇ ಅವನಿಗೆ ಒಂದು ಜನ್ಮ ಹಿಡಿದಿತ್ತು.

ಮೇಸ್ತ್ರಿ ಒಂದು ಹಲಗೆಯ ಮೇಲೆ ಬೇರೆ ಬೇರೆ ಬಣ್ಣ ಬಳಿದು ಇಟ್ಟಿದ್ದ. ಇಟ್ಟಿಗೆ ಕೆಂಪು, ಮಾಗಿದ ಹಣ್ಣಿನ ಕಿತ್ತಳೆ, ತುಕ್ಕಿನ ಬಣ್ಣ, ಜೇನಿನ ಬಣ್ಣ. ಅವಳು ಹಲಗೆಯ ಮುಂದೆ ನಿಂತಳು. ಒಂದರ ಮೇಲೆ ಬೆರಳಾಡಿಸಿದಳು, ಇನ್ನೊಂದರ ಮುಂದೆ ನಿಂತಳು, ಹಿಂದಕ್ಕೆ ಬಂದಳು. ಅವನು ಉಸಿರು ಬಿಗಿಹಿಡಿದಿದ್ದ. ಮೇಡಮ್ಮು ಕೈ ಕಟ್ಟಿಕೊಂಡು ಕಾದಳು.

“ನನಗೆ ಎಲ್ಲಾ ನೆನಪಿದೆ,” ಎಂದಳು ಅವಳು ಕೊನೆಗೆ. “ಅವತ್ತು ನನ್ನ ಚಪ್ಪಲಿ ಕಿತ್ತುಹೋಗಿತ್ತು. ಬೆಕ್ಕು ತಂತಿ ಸುತ್ತಿ ಸರಿ ಮಾಡಿಕೊಟ್ಟ. ನಾನು ಗೋಡೆ ನೋಡಿ, ಹತ್ರ ನಿಂತ್ರೆ ಬೆಚ್ಚಗಾಗುತ್ತಲ್ಲೋ ಅಂದೆ. ಅವನಿಗೆ ಖುಷಿಯಾಯ್ತು. ಹಾಗಂದಿದ್ದು ನೆನಪಿದೆ. ಬಣ್ಣ...” ಅವಳು ಕಣ್ಣು ಮುಚ್ಚಿದಳು. “ಬಣ್ಣ ಬರ್ತಾ ಇಲ್ಲ ರೀ. ಕಣ್ಣು ಮುಚ್ಚಿದ್ರೆ ಕಂಪ್ಯೂಟರಲ್ಲಿ ಇರೋದೇ ಬರುತ್ತೆ. ಅಷ್ಟು ವರ್ಷ ನಿಮ್ಮ ಹಿಂದೆ ನಿಂತು ಅದನ್ನೇ ನೋಡಿದ್ನಲ್ಲ.”

“ಇದಾಗಿರ್ಬೇಕು ನೋಡು, ಈ ಕಿತ್ತಳೆ,” ಎಂದ ಅವನು. “ಇದೇ ಅಂದುಬಿಡು. ಇವರು ಹಾಕ್ತಾರೆ.”

“ಅಂದುಬಿಡಬಹುದು. ಆದ್ರೆ ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಗೆ ಹೇಳ್ಲಿ? ಒಂದ್ಸಲ ಸುಳ್ಳು ಓದಿದ್ದೇ ಇನ್ನೂ ಎದೇಲಿ ಕೂತಿದೆ. ಬೆಕ್ಕಿನ ಅಮ್ಮನ ಮುಖಕ್ಕೆ ನಾನು ಅಂದಾಜಿನ ಬಣ್ಣ ಹಚ್ಚಲ್ಲ.”

ಅವನು ಅವಳನ್ನು ಬೈಯಲಿಲ್ಲ. ಮೇಸ್ತ್ರಿಯ ಕಡೆ ತಿರುಗಿ, “ನಾನೇ ಹೇಳ್ತೀನಿ, ಕಲಸಯ್ಯ,” ಎಂದ. ಅವನಿಗೊಂದು ಉಪಾಯ ಹೊಳೆದಿತ್ತು. ಹಳೆ ಕಣ್ಣಿನಲ್ಲಿ ನೋಡಿದರೆ ಫೋಟೋದಲ್ಲಿ ಸಂಜೆ ಇನ್ನೂ ಇತ್ತಲ್ಲ! ಹಳೆ ಕಣ್ಣಿನಲ್ಲಿ ಫೋಟೋ ನೋಡುವುದು, ಹೊಸ ಕಣ್ಣಿನಲ್ಲಿ ಡಬ್ಬಿ ನೋಡುವುದು, ಎರಡೂ ಒಂದಾಗುವವರೆಗೆ ಕಲಸುವುದು. ಕಪ್ಪು ಕನ್ನಡಕ ತೆಗೆದಿಟ್ಟು, ಪ್ರಿಂಟನ್ನು ಮುಖದ ಹತ್ತಿರ ಹಿಡಿದು ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಕೆಂಪು ಹಾಕು ಎಂದ, ಹಳದಿ ಹಾಕು ಎಂದ, ಸಾಲದು, ಇನ್ನೂ ಹಾಕು ಎಂದ. ಮೇಸ್ತ್ರಿ ಹಾಕುತ್ತ ಹೋದ. ಡಬ್ಬಿಯಲ್ಲಿದ್ದದ್ದು ಗಾಢವಾಗುತ್ತ ಗಾಢವಾಗುತ್ತ ಕೊನೆಗೆ ಎರಡೂ ಒಂದೇ ಆಯಿತು.

“ಇದು! ಇದೇ! ಬಳಿ ನೋಡೋಣ!”

ಮೇಸ್ತ್ರಿ ಹಲಗೆಯ ಖಾಲಿ ಜಾಗದಲ್ಲಿ ಒಂದು ಪಟ್ಟಿ ಎಳೆದ. ಅದು ಕೆಸರಿನ ಬಣ್ಣಕ್ಕಿತ್ತು. ಮೇಸ್ತ್ರಿ ಸಂಕೋಚದಿಂದ ತಲೆ ಕೆರೆದುಕೊಂಡ.

ಫೋಟೋಗ್ರಾಫರ ಬಲಗಣ್ಣು ಮುಚ್ಚಿ ಸುತ್ತ ನೋಡಿದ. ಮೇಸ್ತ್ರಿಯ ಬಿಳಿ ಅಂಗಿಯ ಮೇಲೂ ಅದೇ ಸಂಜೆ. ಮೇಡಮ್ಮಿನ ಕೈಯ ಕಾಗದದ ಮೇಲೂ ಅದೇ. ಬೀದಿಯ ನಾಯಿಯ ಮೇಲೆ, ಸುಣ್ಣದ ಚೀಲದ ಮೇಲೆ, ಹೆಂಡತಿಯ ತಲೆಯ ಮೇಲೆ, ಎಲ್ಲದರ ಮೇಲೂ ಅದೇ. ಇಷ್ಟು ವರ್ಷ ಆ ಫೋಟೋದಲ್ಲಿ ಅವನು ಕಂಡದ್ದು ಬೆಕ್ಕಿನ ಸಂಜೆಯಾಗಿರಲಿಲ್ಲ. ಅವನ ಕಣ್ಣಿನ ಕೊಳೆಯಾಗಿತ್ತು. ಬೆಕ್ಕಿನದು ಎಂದೋ ಹೋಗಿತ್ತು, ತಾನೇ ಅದನ್ನು ತನ್ನ ಕೈಯಾರೆ ಕಳೆದಿದ್ದ. ಎರಡೂ ಕಣ್ಣು ಮುಚ್ಚಿ ಆ ಮಧ್ಯಾಹ್ನವನ್ನು ಕರೆದ. ಏಣಿ ಬಂತು, ಬೆಕ್ಕಿನ ಬಣ್ಣ ಮೆತ್ತಿದ ಪ್ಯಾಂಟು ಬಂತು, ಅವನ ಕೆಮ್ಮು ಬಂತು. ಗೋಡೆ ಮಾತ್ರ ನೀಲಿಯಾಗಿಯೇ ಬಂತು.

“ಬೋರ್ಡಿನ ಮೇಲೆ ಇದು ಸಂಜೆ ಅಂತ ದೊಡ್ಡ ಅಕ್ಷರದಲ್ಲಿ ಬರೆಸ್ತೀನಿ ಸರ್,” ಎಂದಳು ಮೇಡಮ್ಮು. ಅವಳ ಕಣ್ಣಲ್ಲೂ ನೀರಿತ್ತು. “ಅವರಮ್ಮನ ವಿಷಯವನ್ನೂ ಬರೀತೀನಿ.”

ಅವನು ತಲೆಯಾಡಿಸಿದ. ಓದುವವರು ಓದುತ್ತಾರೆ, ಆಮೇಲೆ ಕತ್ತೆತ್ತಿ ಗೋಡೆ ನೋಡುತ್ತಾರೆ. ಪೊರಕೆಯವಳು ಬೆಳಗಿನ ಕೆಲಸಕ್ಕೆ ಹೊರಟು ನಿಂತಿರುತ್ತಾಳೆ.

ಬಿಸಿಲು ಏರುತ್ತಿತ್ತು, ಕಲಸಿಟ್ಟ ಡಬ್ಬಿಗಳ ಮೇಲೆ ಕೆನೆ ಕಟ್ಟತೊಡಗಿತ್ತು. ಮೇಸ್ತ್ರಿ ಕುಂಚವನ್ನು ಕೈಯಿಂದ ಕೈಗೆ ಬದಲಿಸಿ ಕೇಳಿದ: “ಏನು ಮಾಡ್ಲಿ ಸ್ವಾಮಿ? ನೀವು ಹೇಳಿದ ಹಾಗೆ.”

ಹೆಂಡತಿ ಬಂದು ಅವನ ಪಕ್ಕ ನಿಂತಳು. ಅವಳು ಅಳುತ್ತಿದ್ದಳು, ಒರೆಸಿಕೊಳ್ಳಲೂ ಇಲ್ಲ. ಅವನು ಗೋಡೆಯ ಮೇಲೆ ಇನ್ನೂ ಬಣ್ಣ ಬೀಳದ, ರೇಖೆಯಷ್ಟೇ ಇದ್ದ ಪೊರಕೆಯವಳನ್ನು ಬಹಳ ಹೊತ್ತು ನೋಡಿದ.

“ಫೋಟೋದಲ್ಲಿ ಇರೋ ಹಾಗೇ ಹಾಕಿ,” ಎಂದ.